ನಾಲೆಯ ಕೊನೆಭಾಗದ ಓದುಗರು

ಕವಿತೆ ಪ್ರಕಟಿಸೋದು ಈಗ ಕಷ್ಟದ ಕೆಲಸವೇ ಅಲ್ಲ. ಅಂಚೆಚೀಟಿ ಅಂಟಿಸಿದ ಮರುಲಕೋಟೆ ಇಡಬೇಕಿಲ್ಲ, ಸಂಪಾದಕರ ವಿಷಾದಪತ್ರಕ್ಕೆ ಕಾಯಬೇಕಿಲ್ಲ. ಫೋನಿನಲ್ಲಿ ಬರೆದು ಬೆರಳು ಒತ್ತಿದರೆ ಮುಗೀತು. ಕಷ್ಟ ಶುರುವಾಗೋದು ಮರುದಿನ. ಅದನ್ನ ಓದಿದವರು ಯಾರು?

ನಾವು ಮೂವರು, ಮಂಡ್ಯದವಳೊಬ್ಬಳು, ಮದ್ದೂರಿನವನೊಬ್ಬ, ಮಳವಳ್ಳಿ ಕಡೆಯವನೊಬ್ಬ, ಎರಡು ವರ್ಷದಿಂದ ಪ್ರತಿ ಭಾನುವಾರ ಒಂದು ಕವಿತೆಯನ್ನ ಇನ್‌ಸ್ಟಾಗ್ರಾಮಿಗೂ ವಾಟ್ಸಾಪ್ ಸ್ಟೇಟಸ್‌ಗೂ ಹಾಕ್ತಾ ಬಂದಿದ್ದೇವೆ. ನಮ್ಮದೂ ಇರ್ತದೆ, ಕಾಲೇಜಿನ ಬೇರೆಯವರದೂ ಇರ್ತದೆ. ಮೊದಲ ಆರು ತಿಂಗಳು ಲೈಕು ಕೊಟ್ಟವರೆಲ್ಲ ಕವಿತೆ ಬರೆಯುವವರೇ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಮಾಡ್ತಾರಲ್ಲ, ಹಂಗೆ: ನೀನು ನನ್ನದಕ್ಕೆ ಒತ್ತು, ನಾನು ನಿನ್ನದಕ್ಕೆ ಒತ್ತುತೀನಿ. ಮುಯ್ಯಿ ತಪ್ಪಲ್ಲ, ಬಳಗ ಬೆಳೆಯೋದೇ ಹಂಗೆ. ಆದರೆ ಮುಯ್ಯಿಗೆ ಬಂದವರನ್ನೆಲ್ಲ ಓದುಗರು ಅಂತ ಲೆಕ್ಕ ಹಿಡಿಯೋಕೆ ಆಗಲ್ಲ.

ನಾಲ್ಕು ಸಾಲಿನ ಪ್ರೇಮದ ಚುಟುಕಕ್ಕೆ ಜನ ಹೆಚ್ಚು, ಇದು ಎಲ್ಲರಿಗೂ ಗೊತ್ತಿರೋದೇ. ಅದನ್ನ ಬಯ್ಯೋಕೆ ನಮಗೆ ಬಾಯಿ ಬರಲ್ಲ. ಪ್ರೇಮಕವಿ ಅಂದ್ರೆ ಕರ್ನಾಟಕಕ್ಕೆಲ್ಲ ನೆನಪಾಗೋ ಕೆ.ಎಸ್. ನರಸಿಂಹಸ್ವಾಮಿ ನಮ್ಮ ಜಿಲ್ಲೆಯ ಕಿಕ್ಕೇರಿಯವರು. ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ. ಆದರೆ ಅವರ ಪ್ರೀತಿಗೆ ಒಂದು ಊರಿದೆ, ಮಾವನ ಮನೆ ಇದೆ, ಬಳೆಗಾರ ಇದ್ದಾನೆ. ನಾವು ದಿನಾ ನೋಡೋ ಚುಟುಕದ ಪ್ರೀತಿಗೆ ಪಿನ್‌ಕೋಡೇ ಇರಲ್ಲ.

ಇನ್ನೊಂದು ವಿಷಯ ನಮ್ಮನ್ನ ಬಹಳ ದಿನ ಕಾಡಿತು. ಆ ಪುಸ್ತಕ ತೆರೆದು ನೋಡದವರಿಗೂ ಆ ಕವಿತೆಗಳು ಬರ್ತವೆ. ಹೆಂಗೆ? ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಡಿದರು. ಆಮೇಲೆ ಟಿ.ಎಸ್. ನಾಗಾಭರಣ ಅದೇ ಹೆಸರಿನ ಸಿನಿಮಾ ಮಾಡಿದರು, ಗೀತರಚನೆಗೆ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕವಿತೆ ಕಣ್ಣಿಗಿಂತ ಮೊದಲು ಕಿವಿಗೆ ಹೋಯ್ತು.

ಮಳವಳ್ಳಿಯವರಿಗೆ ಇದು ಹೊಸದೇನಲ್ಲ. ಆ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನ ರಾತ್ರಿಯಿಡೀ ಹಾಡ್ತಾರೆ. ಅಷ್ಟು ದೊಡ್ಡ ಕಾವ್ಯ, ತಲೆಮಾರುಗಟ್ಟಲೆ ಉಳಿದದ್ದು ಅಚ್ಚಿನಿಂದಲ್ಲ. ಆಮೇಲೆ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಬಂದವು. ಹಾಡುವವನು ಎದುರಿಗೆ ಕೂತವರನ್ನ ನೋಡ್ತಾನೆ. ತೂಕಡಿಸಿದರೆ ಒಂದು ನಗೆಮಾತು ಸೇರಿಸ್ತಾನೆ, ಕಣ್ಣೊರೆಸಿಕೊಂಡರೆ ಅದೇ ಸಾಲನ್ನ ಇನ್ನೊಂದು ಸಲ ತಿರುಗಿಸ್ತಾನೆ. ಇನ್‌ಸ್ಟಾಗ್ರಾಮ್ ‘ಅನಲಿಟಿಕ್ಸ್’ ಅಂತ ತೋರಿಸೋದು ಇದರ ಮುಂದೆ ಏನೂ ಅಲ್ಲ.

ಹಂಗಾಗಿ ನಾವೂ ಓದಿ ಹಾಕೋಕೆ ಶುರು ಮಾಡಿದೆವು. ರಾಗ ಬರಲ್ಲ, ಬರೀ ಓದು. ಹಾಸ್ಟೆಲ್ಲಿನಲ್ಲಿ ಫ್ಯಾನ್ ಆರಿಸಿ, ಹೊದಿಕೆ ಮುಸುಕು ಹಾಕಿಕೊಂಡು ರೆಕಾರ್ಡ್ ಮಾಡೋದು. ಒಂದೂವರೆ ನಿಮಿಷ ಮೀರಬಾರದು ಅನ್ನೋದೊಂದೇ ನಿಯಮ.

ನಮ್ಮ ಮಳವಳ್ಳಿಯವನು, ಸಿವಿಲ್ ವಿದ್ಯಾರ್ಥಿ, ಊರ ಮಾತಿನಲ್ಲೇ ಬರೀತಾನೆ. ಅವನ ಕವಿತೆಗೆ ಲೈಕು ಹತ್ತೂ ದಾಟ್ತಿರಲಿಲ್ಲ. ‘ಬಿಟ್ಬಿಡ್ತೀನಿ ಮಗಾ, ಯಾರಿಗೆ ಬರೀಬೇಕು’ ಅಂತ ಒಂದು ಸೆಮಿಸ್ಟರ್ ಪೂರ್ತಿ ಏನೂ ಕೊಡಲಿಲ್ಲ. ಅವನವ್ವನಿಗೆ ಓದು ಬರಲ್ಲ. ಮಗ ಕವಿತೆ ಬರೀತಾನೆ ಅಂತ ಗೊತ್ತು, ಅದರಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ನಾಲೆಯ ಮೇಲೆ ಬರೆದದ್ದನ್ನ ಅವನು ಓದಿ ಕಳಿಸಿದ. ಸಂಜೆ ಅವ್ವನಿಂದ ವಾಯ್ಸ್ ಮೆಸೇಜು ಬಂತು. ನಮಗೂ ಕೇಳಿಸಿದ.

‘ಚೆಂದಾಗದೆ ಕಣ್ಲಾ. ಆದ್ರೆ ನೀರು ಜುಳುಜುಳು ಅಂತದೆ ಅಂದಿದ್ದೀಯಲ್ಲ, ನಮ್ ಗದ್ದೆಗೆ ಯಾವತ್ ಹಂಗ್ ಬಂದದೆ? ನಡುರಾತ್ರೀಲಿ ಬತ್ತದೆ. ಸದ್ದೇ ಮಾಡಕ್ಕಿಲ್ಲ. ಕಾಲ್ಗೆ ತಣ್ಣಗಾದಾಗ್ಲೇ ಗೊತ್ತಾಗದು.’

ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗ ಅಂದ್ರೆ ಮದ್ದೂರು, ಮಳವಳ್ಳಿಯವರಿಗೆ ಅರ್ಥ ಹೇಳಬೇಕಿಲ್ಲ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲಿನವರೆಲ್ಲ ಹಾಯಿಸಿಕೊಂಡು ಉಳಿದದ್ದು ಬರಬೇಕು. ಕೆಲವು ಸಲ ಬರೋದೇ ಇಲ್ಲ. ಅವನು ಆ ಪದ ತೆಗೆದು ಅವ್ವನ ಕಾಲು ತಣ್ಣಗಾದದ್ದನ್ನ ಇಟ್ಟ. ನಮ್ಮ ಪ್ರಕಾರ ಈ ಎರಡು ವರ್ಷದಲ್ಲಿ ನಾವು ಹಾಕಿದ್ದರಲ್ಲಿ ಅದೇ ಒಳ್ಳೆಯ ಸಾಲು. ಲೈಕು ಹದಿನಾಲ್ಕಾಯ್ತು, ಅಷ್ಟೇ. ಆದರೆ ಅವ್ವ ಅದನ್ನ ಪಕ್ಕದ ಮನೆಯವರಿಗೆ ಕೇಳಿಸಿದರು, ಅವರು ತಂಗಿಗೆ ಕಳಿಸಿದರು. ಕಬ್ಬು ಕಡಿಯೋಕೆ ಹೋದಲ್ಲೂ ಯಾರೋ ಹಾಕಿದ್ದರಂತೆ. ಈ ಕೇಳುಗರು ಯಾವ ಲೆಕ್ಕದಲ್ಲೂ ಇಲ್ಲ. ಅವನು ಮತ್ತೆ ಬರೀತಿದ್ದಾನೆ.

ಹೀಗೆ ಹರಡೋದರಲ್ಲಿ ಒಂದು ಪೀಕಲಾಟವೂ ಇದೆ. ನಮ್ಮ ಜೊತೆ ಬರೆಯುವ ಹುಡುಗಿಯೊಬ್ಬಳ ಕವಿತೆ ಯಾರದೋ ಕೈ ಸೇರಿ, ಗುಲಾಬಿ ಹೂವಿನ ಚಿತ್ರದ ಮೇಲೆ ಕೂತು, ‘ಶುಭೋದಯ’ ಅಂತ ಅವಳ ಮನೆಯವರ ಗ್ರೂಪಿಗೇ ಬಂತು. ಕೆಳಗೆ ಅವಳ ಹೆಸರಿಲ್ಲ, ‘ಸಂಗ್ರಹ’ ಅಂತಿತ್ತು. ಕಳಿಸಿದ್ದು ಅವಳ ಸೋದರತ್ತೆ. ಅವಳು ಬರೀತಾಳೆ ಅಂತ ಮನೆಯಲ್ಲಿ ಗೊತ್ತಿಲ್ಲ, ಗೊತ್ತಾದರೆ ‘ಇದು ಯಾರ ಮೇಲೆ ಬರೆದದ್ದು’ ಅನ್ನೋದೇ ಮೊದಲ ಪ್ರಶ್ನೆ. ‘ಚೆನ್ನಾಗಿದೆ ಅತ್ತೆ’ ಅಂತ ಹಾಕಿ ಸುಮ್ಮನಾದಳು. ನಮಗೆ ಹೇಳುವಾಗ ನಗ್ತಾ ಇದ್ದಳು, ಆ ನಗು ನಮಗೆ ಹಿತವಾಗಲಿಲ್ಲ.

ಇದಕ್ಕೆ ಪರಿಹಾರ ಹುಡುಕಿದಾಗ ಸಿಕ್ಕಿದ್ದು 12ನೇ ಶತಮಾನದಲ್ಲಿ. ವಚನಕಾರರು ಹೆಸರನ್ನ ಹೊರಗೆ ಬರೆಯಲಿಲ್ಲ, ವಚನದ ಒಳಗೇ ಅಂಕಿತ ಇಟ್ಟರು. ಬಾಯಿಂದ ಬಾಯಿಗೆ ಹೋದರೂ ಅಂಕಿತ ಉದುರಲ್ಲ, ತೆಗೆದರೆ ವಚನವೇ ಕುಂಟುತ್ತದೆ. ಮನೆಯಲ್ಲಿ ಹೆಸರು ಹೇಳೋ ಹಾಗಿಲ್ಲ, ಹೆಸರಿಲ್ಲದೆ ಕಳೆದುಹೋಗೋಕೂ ಇಷ್ಟವಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಅವಳು ಈಗ ಒಂದು ಅಂಕಿತ ಆರಿಸಿಕೊಂಡಿದ್ದಾಳೆ, ಏನಂತ ಇಲ್ಲಿ ಹೇಳಲ್ಲ. ಎಲ್ಲ ಕವಿತೆಗೂ ಇದು ಒಗ್ಗಲ್ಲ, ಕೆಲವಕ್ಕೆ ತಂದು ಅಂಟಿಸಿದ ಹಾಗೇ ಕಾಣ್ತದೆ. ಚಿತ್ರದ ಮೂಲೆಯಲ್ಲಿ ಹೆಸರು ಹಾಕಿದರೆ ಮಾತ್ರ ಪ್ರಯೋಜನ ಇಲ್ಲ, ಎರಡೇ ಸೆಕೆಂಡಿನಲ್ಲಿ ಕತ್ತರಿಸ್ತಾರೆ.

ಚಿತ್ರದ ಮಾತು ಬಂದದ್ದಕ್ಕೆ ಇನ್ನೊಂದು. ಕವಿತೆಯನ್ನ ಬರೀ ಚಿತ್ರವಾಗಿ ಹಾಕಿದರೆ ಹುಡುಕಿದವರಿಗೆ ಸಿಗೋದು ಕಷ್ಟ, ದೃಷ್ಟಿ ಇಲ್ಲದವರ ಫೋನು ಅದನ್ನ ಸರಿಯಾಗಿ ಓದಿ ಹೇಳಲ್ಲ. ಚಿತ್ರದ ಜೊತೆ ಯೂನಿಕೋಡಿನಲ್ಲಿ ಪೂರ್ತಿ ಪಠ್ಯವನ್ನೂ ಹಾಕಿ. ಇದನ್ನ ಇಂಜಿನಿಯರಿಂಗ್‌ನವರೇ ಮಾಡದಿದ್ದರೆ ಇನ್ಯಾರು ಮಾಡ್ತಾರೆ?

ಮದ್ದೂರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸ್ವಂತ ದುಡ್ಡಲ್ಲಿ ನಾಲ್ಕು ಸಂಕಲನ ಮಾಡಿಸಿ, ನೆನಪಿನ ಕಾಣಿಕೆ ಅಂತ ಹಂಚಿ, ಮಿಕ್ಕಿದ್ದನ್ನ ಅಟ್ಟಕ್ಕೆ ಹಾಕಿದ್ದಾರೆ. ಮೂರು ಕಟ್ಟಿಗೆ ಗೆದ್ದಲು ಹಿಡಿದಿದೆ. ಕೊನೆಯ ಪುಸ್ತಕದ ಡಿಟಿಪಿ ಫೈಲು ಒಂದು ಸೀಡಿಯಲ್ಲಿತ್ತು, ಹಳೆಯ ನುಡಿ ಅಕ್ಷರದಲ್ಲಿ. ಅಂದರೆ ಒಳಗಿರೋದು ಇಂಗ್ಲಿಷ್ ಕೀಲಿಗಳ ಗುರುತು, ಮೇಲೆ ಕನ್ನಡದ ಅಂಗಿ. ಫಾಂಟು ಬದಲಾದರೆ ಅಂಗಿ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಉಳೀತವೆ. ಪರಿವರ್ತಕದಲ್ಲಿ ಹಾಕಿದೆವು, ಅಲ್ಲಲ್ಲಿ ಅರ್ಕಾವತ್ತು ಜಾರಿತ್ತು, ಕೂತು ತಿದ್ದಿದೆವು. ಉಳಿದ ಮೂರನ್ನ ಕೈಯಾರೆ ಟೈಪ್ ಮಾಡ್ತಿದ್ದೇವೆ.

ಅವರ ಮೊದಲ ಕವಿತೆಯನ್ನ ಸ್ಟೇಟಸ್‌ಗೆ ಹಾಕಿದ ಮರುದಿನ ಮನೆಗೆ ಹೋದೆವು. ಕಾಫಿ ಕೊಟ್ಟು, ‘ಇದನ್ನೆಲ್ಲ ಯಾರು ಓದ್ತಾರ್ರಪ್ಪ?’ ಅಂದರು. ‘ಅರವತ್ತೆರಡು ಜನ ನೋಡಿದ್ದಾರೆ ಸಾರ್’ ಅಂದೆವು.

‘ಸಂಖ್ಯೆ ಇರ್ಲಿ, ಹೆಸರು ಹೇಳಿ.’

ಇಪ್ಪತ್ನಾಲ್ಕು ಗಂಟೆ ಆಗಿ ಸ್ಟೇಟಸ್ ಅಳಿಯೋಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಒಂದೊಂದಾಗಿ ಓದಿದೆವು. ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. ಮೂವತ್ತನೆಯದೋ ಏನೋ, ಒಂದು ಹೆಸರಿಗೆ ಕೈ ಎತ್ತಿ ತಡೆದರು. ‘ಇವನು ನನ್ನ ಹತ್ರ ಏಳನೇ ಕ್ಲಾಸಿನಲ್ಲಿದ್ದ. ಕೊನೇ ಬೆಂಚು. ಮುಂದಕ್ಕೆ ಓದಿ.’