ಡಿಸ್ಕಿನ ತೊಂದರೆಯೋ, ಪ್ಲೇಯರಿನ ತೊಂದರೆಯೋ?

ಟೊರಾಂಟೊ ಹತ್ತಿರದ ನಮ್ಮ ಸಂಸಾರದಲ್ಲಿ ಕನ್ನಡ ಹೆಚ್ಚು ಕೇಳಿಸುವ ಜಾಗ ಎಂದರೆ ಕಾರು. 2010ರ ಕಾರು, ಅದರಲ್ಲಿ ಇನ್ನೂ ಸಿಡಿ ಪ್ಲೇಯರ್ ಇದೆ. ನಮ್ಮತ್ತೆ ಶಿವಮೊಗ್ಗದ ಒಂದು ಸ್ಟುಡಿಯೊದಲ್ಲಿ ಕೂತು ಐದು ಕಥೆ ಹೇಳಿ, ಸಿಡಿ ಮಾಡಿಸಿ ಕಳಿಸಿದ್ದರು. ಶಾಲೆಯ ಹದಿನೈದು ನಿಮಿಷದ ದಾರಿಗೆ ಒಂದು ಕಥೆ ಸರಿಹೋಗುತ್ತದೆ.

ಈಗ ಅತ್ತೆಗೆ ಕಿವಿ ಮಂದ. ಫೋನಿನಲ್ಲಿ ಮೊಮ್ಮಗನ ಜೊತೆಗಿನ ಮಾತು "ಊಟ ಆಯ್ತಾ? ಚಳಿ ಇದೆಯಾ?" ಅಷ್ಟಕ್ಕೇ ಮುಗಿಯುತ್ತದೆ. ಅವರ ಉದ್ದುದ್ದ ವಾಕ್ಯಗಳು ಅವನಿಗೆ ಸಿಗುವುದು ಆ ಸಿಡಿಯಲ್ಲಿ ಮಾತ್ರ. ಹಾಗಾಗಿ ಜನವರಿಯ ಒಂದು ಬೆಳಿಗ್ಗೆ ಪ್ಲೇಯರ್ 'ಡಿಸ್ಕ್ ಎರರ್' ಎಂದು ಅದನ್ನು ಹೊರಗೆ ತಳ್ಳಿದಾಗ, ಎಂಟು ವರ್ಷದ ಮಗ "ಅಮ್ಮಾ, ಅಜ್ಜಿ ಯಾಕೆ ನಿಂತ್‌ಬಿಟ್ರು?" ಎಂದದ್ದು ನನಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ.

ಶನಿವಾರ ಇಬ್ಬರೂ ಪತ್ತೆಗೆ ಕೂತೆವು. ಮೊದಲು ಅಜ್ಜಿಯ ಸಿಡಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿದೆವು. ಓದಿತು. ಐದೂ ಕಥೆಗಳನ್ನು ಕೂಡಲೇ ನಕಲು ಮಾಡಿಕೊಂಡೆವು. ಕಾರಿನ ಪ್ಲೇಯರ್ ಡಿಸ್ಕನ್ನು ನುಂಗಿಕೊಂಡರೂ ಅವರ ದನಿ ಕಳೆಯಬಾರದಲ್ಲ! ಆಮೇಲೆ ಅಂಗಡಿಯಲ್ಲಿ ಕೊಂಡಿದ್ದ ಸಿನಿಮಾ ಹಾಡಿನ ಸಿಡಿಯನ್ನು ಕಾರಿಗೆ ಹಾಕಿದೆವು. ಅದೂ ಹಾಡಿತು. "ಎರಡೂ ಸರಿ ಇದೆ. ಮತ್ಯಾಕೆ?" ಎಂದ ಮಗ.

ಅಂಗಡಿಯ ಸಿಡಿಯಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತಿ ಅಲ್ಯೂಮಿನಿಯಂ ಪದರ ಕೊಟ್ಟಿರುತ್ತಾರೆ, ಲೇಸರ್ ಬೆಳಕು ಚೆನ್ನಾಗಿ ವಾಪಸ್ ಬರುತ್ತದೆ. ಸ್ಟುಡಿಯೊದಲ್ಲಿ ಬರ್ನ್ ಮಾಡಿದ ಸಿಡಿಯಲ್ಲಿ ಬಣ್ಣದ ಪದರ ಇರುತ್ತದೆ. ಅದರಿಂದ ಬರುವ ಬೆಳಕು ಸ್ವಲ್ಪ ಕಡಿಮೆ, ಬಿಸಿಲಿಗೆ ಆ ಪದರ ಹಾಳಾಗುವುದೂ ಉಂಟು. ಲೆನ್ಸ್ ಮೇಲೆ ಧೂಳಿದ್ದರೆ ಪ್ಲೇಯರ್ ಮೊದಲನೆಯದನ್ನು ಓದಿ, ಎರಡನೆಯದಕ್ಕೆ ತಡವರಿಸಬಹುದು.

ಇನ್ನೊಂದು ಅನುಮಾನ ತೇವದ್ದು. ಹೊರಗಿನ ಚಳಿಯಿಂದ ಒಳಗೆ ಬಂದಾಗ ಕನ್ನಡಕಕ್ಕೆ ಮಂಜು ಹಿಡಿಯುವ ಹಾಗೆ, ಹೀಟರ್ ಹಾಕಿದಾಗ ತಣ್ಣನೆಯ ಲೆನ್ಸಿಗೂ ಹಿಡಿಯುತ್ತದೆ. "ತೇವ ಆಗಿದ್ರೆ ಅರ್ಧ ಗಂಟೆ ಕಾದ್ರೆ ಸರಿಹೋಗತ್ತೆ. ಹೋಗದಿದ್ರೆ ಧೂಳು" ಎಂದೆ. ಕಾದೆವು, ಸರಿಹೋಗಲಿಲ್ಲ. ಲೆನ್ಸ್ ಒರೆಸಲು ಪುಟ್ಟ ಬ್ರಷ್ ಇರುವ ಸಿಡಿ ಸಿಗುತ್ತದೆ, ಅದನ್ನು ಹಾಕಿ ತೆಗೆದೆವು. ನಾಲ್ಕು ಕಥೆ ಬಂದವು. ಐದನೆಯದರಲ್ಲಿ, ಮಳೆಯಲ್ಲಿ ನೆನೆದ ಕಾಗಕ್ಕ ಗುಬ್ಬಕ್ಕನ ಕದ ತಟ್ಟುವ ಹೊತ್ತಿಗೆ, ದನಿ ತುಂಡು ತುಂಡಾಯಿತು.

ಪ್ಲೇಯರ್ ಸಿಡಿಯನ್ನು ನಡುವಿನಿಂದ ಅಂಚಿನ ಕಡೆಗೆ ಓದುತ್ತದೆ, ಕೊನೆಯ ಕಥೆ ಅಂಚಿನ ಹತ್ತಿರ ಇರುತ್ತದೆ ಎಂದು ಹೇಳಿದೆ. ಮಗ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದ. "ಅಮ್ಮಾ, ಅಂಚಲ್ಲಿ ಗೀರಿದೆ! ಗೀರು ಇಲ್ದಿದ್ರೆ ಕಾಗಕ್ಕ ಒಳಗೆ ಹೋಗ್ತಿದ್ಲು!"

ಅವನ ಬಾಯಲ್ಲಿ "ಇಲ್ದಿದ್ರೆ" ಕೇಳಿದ್ದು ನಾನು ಅದೇ ಮೊದಲು. ದಿನವಿಡೀ ನಾವು ಮಕ್ಕಳಿಗೆ ಹೇಳುವ ಕನ್ನಡ ಎಷ್ಟು? ಬಾ, ತಿನ್ನು, ಶೂ ಹಾಕ್ಕೋ, ಬೇಗ. ಅವರ ಉತ್ತರ "ಹೂಂ" ಅಥವಾ "ಬೇಡ". ಊಹಿಸುವುದಕ್ಕೆ, ಕಾರಣ ಕೊಡುವುದಕ್ಕೆ, ವಾದ ಮಾಡುವುದಕ್ಕೆ ಅವರು ಇಂಗ್ಲಿಷಿಗೆ ಹೋಗುತ್ತಾರೆ, ಏಕೆಂದರೆ ಅಂಥ ಕೆಲಸವನ್ನು ನಾವು ಕನ್ನಡಕ್ಕೆ ಕೊಡುವುದೇ ಅಪರೂಪ.

ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆವು (ಸುತ್ತ ಒರೆಸಬಾರದು). ಗೀರು ಹೋಗಲಿಲ್ಲ. ಕಂಪ್ಯೂಟರಿನ ನಕಲಿನಿಂದ, ಕಡಿಮೆ ವೇಗದಲ್ಲಿ, ಆಡಿಯೊ ಸಿಡಿಯಾಗಿಯೇ ಹೊಸದು ಮಾಡಿದೆವು. ಹಳೆಯ ಪ್ಲೇಯರುಗಳಲ್ಲಿ ಕೆಲವಕ್ಕೆ ಎಂಪಿ3 ಗೊತ್ತಾಗುವುದಿಲ್ಲ. ಕಾಗದದ ಲೇಬಲ್ ಅಂಟಿಸಲಿಲ್ಲ, ಕಾರಿನ ಬಿಸಿಗೆ ಅದು ಕಿತ್ತು ಒಳಗೆ ಸಿಕ್ಕಿಕೊಳ್ಳಬಹುದು. ಕಾಗಕ್ಕ ಒಳಗೆ ಹೋದಳು. ಅತ್ತೆಯ ಡಿಸ್ಕ್ ಈಗ ಬೀರುವಿನಲ್ಲಿದೆ, ಒಂದು ನಕಲು ಪೆನ್‌ಡ್ರೈವಿನಲ್ಲಿದೆ.

ಭಾನುವಾರ ಮಗ ಫೋನಿನಲ್ಲಿ ಕೂಗಿ ಹೇಳಿದ: "ಅಜ್ಜೀ, ಧೂಳಿತ್ತು, ಅದಕ್ಕೇ ನೀವು ನಿಂತಿದ್ರಿ!" ಅತ್ತೆಗೆ ಎಷ್ಟು ಕೇಳಿಸಿತೋ. ಆದರೆ ಅವತ್ತು ಅವರು ಊಟದ ವಿಷಯ ಕೇಳಲಿಲ್ಲ. "ಯಾವ ಕಥೆ ನಿಲ್ತು ಮಗಾ?" ಎಂದರು.

ನಿಮ್ಮ ಮನೆಯಲ್ಲೂ ಟಾರ್ಚೋ, ಸೈಕಲ್ಲೋ, ಮಿಕ್ಸಿಯೋ ಕೆಟ್ಟರೆ, ರಿಪೇರಿಯವರನ್ನು ಕರೆಯುವ ಮೊದಲು ಮಗುವನ್ನು ಪಕ್ಕ ಕೂರಿಸಿಕೊಳ್ಳಿ. ಮಿಕ್ಸಿಯ ಪ್ಲಗ್ ತೆಗೆದಿರಲಿ. "ಏನಾಗಿರಬಹುದು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಲೆನ್ಸ್, ಲೇಸರ್ ಇಂಗ್ಲಿಷಿನಲ್ಲೇ ಇರಲಿ, ಪರವಾಗಿಲ್ಲ. ಧೂಳು, ತೇವ, ಗೀರು, ಅಂಚು ಕನ್ನಡದಲ್ಲಿ ಬರುತ್ತವೆ. ಜೊತೆಗೆ "ಇಲ್ದಿದ್ರೆ" ಕೂಡ.