ಗೋಡೆಯ ಮೇಲಿನ ದಾಗು

ಕನ್ನಡದಲ್ಲಿ ‘ಕಲೆ’ ಎಂದರೆ ಕೌಶಲವೂ ಹೌದು, ಬಟ್ಟೆಗೆ ಹತ್ತಿದ ಕೊಳೆಯ ಗುರುತೂ ಹೌದು. ನಾವು ಮನೆಯಲ್ಲಿ ಆಡುವ ಉರ್ದುವಿನಲ್ಲಿ ಈ ಎರಡನೆಯದಕ್ಕೆ ‘ದಾಗ್’ ಎನ್ನುತ್ತೇವೆ. ದಾಗು ಬಟ್ಟೆಗೂ ಹತ್ತುತ್ತದೆ, ಮಾನಕ್ಕೂ ಹತ್ತುತ್ತದೆ. ಗೋಡೆಯ ಮೇಲಿನ ದಾಗು ಎಷ್ಟು ಸಲೀಸಾಗಿ ಮನುಷ್ಯರ ಮೇಲೆ ಜಾರಿ ಬೀಳಬಲ್ಲದು ಎಂಬುದು ನಮಗೆ ಮನದಟ್ಟಾದದ್ದು ಹುಲಗೂರಿನ ಒಂದು ಬಚ್ಚಲಿನಲ್ಲಿ.

ಹುಲಗೂರು ಶಿಗ್ಗಾಂವಿ ತಾಲೂಕಿನ ಊರು. ಅಲ್ಲಿಯ ಖಾದ್ರಿ ಸಂತರ ದರ್ಗಾ ಸುತ್ತಲ ಸೀಮೆಯ ಹಿಂದೂ ಮುಸ್ಲಿಮರಿಬ್ಬರಿಗೂ ಬೇಕಾದದ್ದು. ಶಿಶುನಾಳ ಶರೀಫರು (1819–1889) ಹುಟ್ಟಿದ್ದೇ ಆ ಸಂತರ ಹಾರೈಕೆಯಿಂದ ಎಂಬ ನಂಬಿಕೆ ಇಲ್ಲಿ ಮನೆಮಾತು. ಇಂಥ ಊರಿನಲ್ಲಿ ನಮ್ಮ ಖಾಲಾ, ಅಂದರೆ ತಾಯಿಯ ತಂಗಿಯ ಮನೆ ಇದೆ. 2019ರ ಆಗಸ್ಟ್ ಮಳೆಗೆ ಹಾವೇರಿ ಜಿಲ್ಲೆಯ ಅನೇಕ ಮಣ್ಣಿನ ಮನೆಗಳಂತೆ ಖಾಲಾರ ಬಚ್ಚಲ ಗೋಡೆಯೂ ಕುಸಿಯಿತು. ಮತ್ತೆ ಕಟ್ಟಿಸುವಾಗ ಸೊಂಟದ ಮಟ್ಟಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲಕ್ಕೂ ಮಾಡಿಗೂ ತಗಡು ಹೊದಿಸಿದರು. ಮೂಲೆಯಲ್ಲಿ ಹಂಡೆ, ಅದರ ಕೆಳಗೆ ಒಲೆ, ಎಲ್ಲವೂ ಮೊದಲಿನಂತೆಯೇ.

ಆ ಚಳಿಗಾಲದಲ್ಲಿ ಖಾಲಾರ ಮಗನ ಮದುವೆಯಾಯಿತು. ಸವಣೂರಿನಿಂದ ಸೊಸೆ ಬಂದಳು. ತಿಂಗಳು ಕಳೆಯುವುದರೊಳಗೆ ಬಚ್ಚಲಿನ ತಗಡಿನ ಮೇಲೆ ಕೆಂಗಂದು ಗೆರೆಗಳು ಮೂಡತೊಡಗಿದವು. ಒರೆಸಿದರೆ ಮರುದಿನ ಮತ್ತೆ ಹಾಜರು. ಮೂಲೆಯಲ್ಲಿ ಕರಿ ಚುಕ್ಕೆಗಳು, ಕೆಳಗಿನ ಗೋಡೆಯಲ್ಲಿ ಬಿಳಿ ಬೂದಿಯಂಥ ಪುಡಿ. ಯಾರೋ ಒಬ್ಬರು ಆ ಗೆರೆಗಳನ್ನು ರಕ್ತ ಎಂದರು. ಆಮೇಲೆ ಅದನ್ನು ಬೇರೆ ಹೆಸರಿನಿಂದ ಯಾರೂ ಕರೆಯಲಿಲ್ಲ.

ತಾಯತ ಕಟ್ಟುವವನೊಬ್ಬ ಬಂದು ನೋಡಿದ. ‘ಇದು ಹುಡುಗಿಯ ಜೊತೆ ಬಂದದ್ದು’ ಎಂದ. ಐದು ಸಾವಿರ ರೂಪಾಯಿ, ಒಂದು ಕಪ್ಪು ಕೋಳಿ, ಜೊತೆಗೆ ಸೊಸೆ ನಲವತ್ತು ದಿನ ತವರಿನಲ್ಲಿ ಇರಬೇಕೆಂಬ ಕಟ್ಟಳೆ. ತವರಿಗೆ ಕಳಿಸಿದ ಸೊಸೆಯನ್ನು ನಲವತ್ತೊಂದನೆಯ ದಿನ ಕರೆತರಲು ಯಾರಾದರೂ ಹೋಗುತ್ತಾರೆಯೇ? ಕೆಲವರು ಹೋಗುತ್ತಾರೆ, ಕೆಲವರು ಹೋಗುವುದಿಲ್ಲ. ನಾವು ಹುಲಗೂರಿಗೆ ಹೋದಾಗ ಆ ಹುಡುಗಿಯ ಟ್ರಂಕು ತುಂಬಿಸಿ ಪಡಸಾಲೆಗೆ ತಂದಿಟ್ಟಾಗಿತ್ತು.

ಗೋಡೆಯ ಬಗ್ಗೆ ತಿಳಿದವರು ಯಾರು? ಗೌಂಡಿ. ಹಾಗಾಗಿ ನಾವು ಗೌಂಡಿಯನ್ನು ಕರೆಸಿದೆವು. ಆತ ಬೆರಳಿನಿಂದ ಗೆರೆಯನ್ನು ತಿಕ್ಕಿ ಮೂಸಿ ನೋಡಿದ. ‘ಸಾಹೇಬ್ರ, ಇದು ಹೊಗಿ ವಾಸನಿ. ತಗಡು ನೀರು ಕುಡಿಯಂಗಿಲ್ರೀ, ಅದಕ್ಕ ಅಳಾಕತ್ತೈತಿ’ ಎಂದ.

ನಾವು ಶಾಲೆಯಲ್ಲಿ ಓದಿದ ಪಾಠವೂ ಅದನ್ನೇ ಹೇಳುತ್ತದೆ. ಬಿಸಿನೀರಿನ ಹಬೆ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಹಸಿ ಕಟ್ಟಿಗೆಯ ಹೊಗೆಯಲ್ಲಿ ಡಾಂಬರಿನಂಥ ಅಂಟು ಇರುತ್ತದೆ. ಅದು ಹನಿಯಲ್ಲಿ ಬೆರೆತು ಕಂದು ಬಣ್ಣದಲ್ಲಿ ಇಳಿಯುತ್ತದೆ. ಹಳೆಯ ಬಚ್ಚಲಿನಲ್ಲಿ ಹೊಗೆ ಹಂಚಿನ ಸಂದಿಯಿಂದ ಹೊರಟುಹೋಗುತ್ತಿತ್ತು, ತೇವವನ್ನು ಮಣ್ಣು ಹೀರುತ್ತಿತ್ತು. ತಗಡು ಇವೆರಡನ್ನೂ ಮಾಡದು. ಪರದೇಶಗಳಲ್ಲಿ ಮನೆಯಂತೆ ಎಳೆದೊಯ್ಯುವ ಕಾರವಾನ್ ಗಾಡಿಗಳ ಪುಟ್ಟ ಬಚ್ಚಲುಗಳಲ್ಲೂ ಇದೇ ತಕರಾರು. ಗೋಡೆ ತೆಳು, ನೀರು ಬಿಸಿ, ಗಾಳಿಗೆ ದಾರಿಯಿಲ್ಲ. ಅಲ್ಲಿ ಒಲೆಯಿಲ್ಲದಿದ್ದರೂ ಹಬೆಯ ಹನಿಗಳು ಸಾಬೂನಿನ ಜಿಡ್ಡನ್ನು ಎಳೆದುಕೊಂಡು ಇಳಿದು ಗೆರೆ ಬಿಡುತ್ತವೆ.

ಮೂಲೆಯ ಕರಿ ಚುಕ್ಕೆ ಬೂಸ್ಟು. ಎರಡು ದಿನ ಆರದ ತೇವ ಸಿಕ್ಕರೆ ಸಾಕು, ಅದು ಬೇರು ಬಿಡುತ್ತದೆ. ಕೆಳಗಿನ ಬಿಳಿ ಪುಡಿ ಉಪ್ಪು. ಇಟ್ಟಿಗೆಯೊಳಗೆ ಏರಿದ ನೀರು ಹೊರಮೈಯಲ್ಲಿ ಆರುವಾಗ ತನ್ನಲ್ಲಿದ್ದ ಲವಣವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಟ್ಟೆವು. ತೇವ ಹಾಳೆಯ ಹೊರಮೈಗೆ ಕೂತರೆ ಅದು ಕೋಣೆಯ ಹಬೆ, ಹಾಳೆಯ ಹಿಂದೆ ಕೂತರೆ ಗೋಡೆಯೊಳಗಿನ ನೀರು. ಇಲ್ಲಿ ಹಿಂದೆಯೇ ಕೂತಿತ್ತು. ಅಗೆದು ನೋಡಿದರೆ ಬಚ್ಚಲ ಮೋರಿ ಗೋಡೆಯ ಬುಡದಲ್ಲೇ ಒಡೆದಿತ್ತು.

ಆದರೂ ಒಂದು ಪ್ರಶ್ನೆ ಉಳಿಯಿತು. ಸೊಸೆ ಬಂದ ಮೇಲೆಯೇ ಏಕೆ? ನಾವು ಅವಳನ್ನೇ ಕೇಳಿದೆವು. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: ‘ಭಾಯಿಜಾನ್, ನಾನು ಬರುವ ಹಿಂದಿನ ದಿನ ಪರದೆಗೆಂದು ಕಿಟಕಿಗೆ ತಾಡಪಾಲು ಬಡಿದರಂತೆ. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ, ಮೇಲಿನಿಂದ ತೊಟ್ಟಿಕ್ಕುತ್ತದೆ. ನನ್ನನ್ನು ಯಾರೂ ಕೇಳಲಿಲ್ಲ.’

ದಾಗು ಅವಳ ಜೊತೆ ಬಂದದ್ದು ನಿಜವೇ. ಅವಳ ಮಾನ ಕಾಯಲೆಂದು ಬಡಿದ ತಾಡಪಾಲೇ ಅವಳ ಮಾನಕ್ಕೆ ದಾಗು ತಂದಿತ್ತು.

ತಾಡಪಾಲು ತೆಗೆದು ಎತ್ತರದಲ್ಲಿ ಜಾಲಿ ಕೂರಿಸಿದರು. ಹೊರಗಿನ ಕಣ್ಣಿಗೆ ಮರೆ, ಒಳಗಿನ ಹಬೆಗೆ ದಾರಿ. ಒಲೆಗೆ ಹೊಗೆ ಕೊಳವೆ ಬಂತು, ಒಣ ಕಟ್ಟಿಗೆ ಬಂತು, ಮೋರಿ ದುರಸ್ತಿಯಾಯಿತು. ಕೆಂಪು ಗೆರೆಗಳು ನಿಂತವು. ಉಪ್ಪು ಮಾತ್ರ ಗೋಡೆ ಆರುವವರೆಗೆ ಕೆಲವು ತಿಂಗಳು ಉದುರುತ್ತಲೇ ಇತ್ತು. ಅದನ್ನು ತೊಳೆಯಬಾರದು, ಒಣ ಬ್ರಷ್‌ನಿಂದ ಉದುರಿಸಬೇಕು; ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಕಲೆ ಹೋಗಲೆಂದು ಬ್ಲೀಚಿಂಗ್ ಪೌಡರನ್ನೂ ಆ್ಯಸಿಡ್ಡನ್ನೂ ಕೂಡಿಸಿ ಸುರಿಯುವವರಿದ್ದಾರೆ. ಅದರಿಂದ ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಎರವಾಗಬಹುದು.

ಇದು ಒಂದು ಜಾತಿಯ, ಒಂದು ಧರ್ಮದ ದೌರ್ಬಲ್ಯವಲ್ಲ. ಉತ್ತರ ಕರ್ನಾಟಕದಲ್ಲಿ ಇಂಥದಕ್ಕೆಲ್ಲ ಭಾನಾಮತಿ ಎಂಬ ಹೆಸರು ಸಿದ್ಧವಾಗಿಯೇ ಇರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಅವರಿಗೆ ಸಿಕ್ಕ ವಿರೋಧ ಕಡಿಮೆಯದಲ್ಲ. 2012ರಲ್ಲಿ ಮುಂಬಯಿಯ ಇಗರ್ಜಿಯೊಂದರ ಶಿಲುಬೆಯ ಪ್ರತಿಮೆಯಿಂದ ನೀರು ತೊಟ್ಟಿಕ್ಕಿದಾಗ ಜನ ಅದನ್ನು ತೀರ್ಥವೆಂದು ಹಿಡಿದುಕೊಂಡರು. ವಿಚಾರವಾದಿ ಸನಲ್ ಎಡಮರುಕು ಹತ್ತಿರದ ಕಟ್ಟಿಕೊಂಡ ಚರಂಡಿಯ ನೀರು ಗೋಡೆಯೊಳಗೆ ಏರಿ ಬರುತ್ತಿದೆ ಎಂದರು. ಅವರ ಮೇಲೆ ಪೊಲೀಸ್ ದೂರುಗಳು ದಾಖಲಾದವು. ಅದೇ ವರ್ಷ ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ಗೋಡೆಯ ಸತ್ಯ ಹೇಳುವವನ ಗತಿಯೇ ಹೀಗಾದರೆ, ಗೋಡೆಯ ಸುಳ್ಳು ಹೊರಬೇಕಾದ ಹೊಸ ಸೊಸೆಯ ಗತಿ ಏನು?

ಕರ್ನಾಟಕದಲ್ಲಿ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ಕಾನೂನು ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವವನನ್ನು ಅದು ಹಿಡಿಯಬಹುದು. ಪಡಸಾಲೆಗೆ ಬಂದು ಕೂತ ಟ್ರಂಕನ್ನು ಯಾವ ಕಾನೂನು ಹಿಡಿದೀತು? ಉರ್ದುವಿನಲ್ಲಿ ‘ಬದ್‌ಗುಮಾನಿ’ ಎಂಬ ಮಾತಿದೆ. ಆಧಾರವಿಲ್ಲದೆ ಇನ್ನೊಬ್ಬರ ಬಗ್ಗೆ ಕೆಟ್ಟದ್ದನ್ನು ಊಹಿಸುವುದು ಎಂದು ಅರ್ಥ. ಅದನ್ನು ಪಾಪವೆಂದು ಬಾಲ್ಯದಿಂದಲೂ ಕೇಳುತ್ತ ಬಂದವರು ನಾವು. ಜಿನ್ನುಗಳು ಇವೆಯೇ ಇಲ್ಲವೇ ಎಂಬ ವಾದಕ್ಕೆ ಇಳಿಯದೆಯೂ ಇಷ್ಟನ್ನು ಒಪ್ಪಬಹುದಲ್ಲವೇ?

ಕಲೆ ಕಂಡಾಗ ಮೊದಲು ಅದು ಗೋಡೆಯ ಯಾವ ಎತ್ತರದಲ್ಲಿದೆ ಎಂದು ನೋಡೋಣ. ಮೇಲಿದ್ದರೆ ಹಬೆ ಮತ್ತು ಹೊಗೆ, ಮೂಲೆಯಲ್ಲಿದ್ದರೆ ಗಾಳಿಯ ಕೊರತೆ, ಬುಡದಲ್ಲಿದ್ದರೆ ಮೋರಿ. ಆಮೇಲೆ, ಆ ಬಚ್ಚಲನ್ನು ದಿನವೂ ಬಳಸುವ, ತೊಳೆಯುವ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳೋಣ. ಉತ್ತರ ಹೆಚ್ಚಾಗಿ ಅವರ ಬಳಿಯೇ ಇರುತ್ತದೆ.