ನಮ್ಮೂರೇ ಮೊರ್ಡೋರ್ ಆದಾಗ

ನಮ್ಮ ಹಾಸ್ಟೆಲ್‌ನಲ್ಲಿ ಫ್ಯಾಂಟಸಿ ಓದೋರು ಕಮ್ಮಿ, ಆದರೆ ಇರೋ ನಾಲ್ಕೈದು ಜನ ಭಾರೀ ಜೋರು. ಮೆಸ್‌ನಲ್ಲಿ ಕೂತು "ಮುಂದೆ ಯಾವ ಸೀರೀಸ್ ಹಿಡೀಲಿ?" ಅಂತ ಕೇಳಿದ್ರೆ ಸಾಕು, ತಟ್ಟೆಯಲ್ಲಿನ ಸಾಂಬಾರ್ ಆರಿಹೋಗುವ ತನಕ ಜಗಳ. ಎಕ್ಸಾಮ್ ಮುಗಿದ ಮೇಲೆ ನಮಗೆ ಸಿಗೋದು ಒಂದು ತಿಂಗಳಿಗೂ ಕಮ್ಮಿ ರಜೆ. ಅದರಲ್ಲಿ ಅರ್ಧ ಮದುವೆ, ಜಾತ್ರೆಗೆ ಹೋಗುತ್ತೆ. ಹಾಗಾಗಿ ಇದು ನನಗೆ ಟೈಮ್‌ಪಾಸ್ ಪ್ರಶ್ನೆ ಅಲ್ಲ.

ಲೆಕ್ಕ ಹಾಕಿ ನೋಡಿದೆ. ವೀಲ್ ಆಫ್ ಟೈಮ್ ಅಂದ್ರೆ 14 ಪುಸ್ತಕ, 40 ಲಕ್ಷ ಪದಗಳಿಗಿಂತ ಜಾಸ್ತಿ. ನಿಮಿಷಕ್ಕೆ 250 ಪದ ಓದ್ತೀನಿ ಅಂದುಕೊಂಡ್ರೂ ಸುಮಾರು 267 ಗಂಟೆ. ದಿನಕ್ಕೆ ನಾಲ್ಕು ಗಂಟೆ ಓದಿದರೆ ಎರಡು ತಿಂಗಳು ದಾಟುತ್ತೆ. ಬರೆದ ರಾಬರ್ಟ್ ಜೋರ್ಡನ್‌ಗೇ ಟೈಮ್ ಸಾಲಲಿಲ್ಲ: 1990ರಲ್ಲಿ ಮೊದಲ ಪುಸ್ತಕ ಬಂತು, 2007ರಲ್ಲಿ ಅವನು ತೀರಿಹೋದ, ಕೊನೆಯ ಮೂರನ್ನು ಅವನು ಬಿಟ್ಟುಹೋದ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದು 2013ಕ್ಕೆ ಮುಗಿಸಿದ. ನಾನು ಮೊದಲ ಎರಡು ಓದಿದ್ದೀನಿ. ಇಷ್ಟ ಆಯ್ತು. ಆದರೆ ಎಂಟನೇ ಪುಸ್ತಕದ ಹೊತ್ತಿಗೆ ಕಥೆ ಹೊಲದ ದಾರಿಯಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರ್ ಆಗುತ್ತೆ ಅಂತ ಅದರ ಭಕ್ತರೇ ಒಪ್ಕೋತಾರೆ. ಸ್ಯಾಂಡರ್ಸನ್‌ನ ಸ್ವಂತ ಸ್ಟಾರ್ಮ್‌ಲೈಟ್ ಆರ್ಕೈವ್ ಹತ್ತು ಪುಸ್ತಕದ ಪ್ಲಾನು, 2024ಕ್ಕೆ ಐದು ಬಂದಿವೆ. ಅವನ ಮ್ಯಾಜಿಕ್‌ಗೆ ಫಿಸಿಕ್ಸ್ ಥರ ನಿಯಮ ಇರುತ್ತೆ, ನಮ್ಮಂಥೋರಿಗೆ ಹೇಳಿ ಮಾಡಿಸಿದ್ದು. ಮಾರ್ಟಿನ್‌ನ ಐಸ್ ಆಂಡ್ ಫೈರ್ ಬಗ್ಗೆ ಏನೂ ಹೇಳಲ್ಲ. ಐದನೇ ಪುಸ್ತಕ ಬಂದಿದ್ದು 2011ರಲ್ಲಿ, ಆಗ ನಾನು ಅ ಆ ಇ ಈ ಕಲೀತಿದ್ದೆ.

ನನಗೆ ನಿಜಕ್ಕೂ ಆಸೆ ಇದ್ದದ್ದು ಸ್ಟೀವನ್ ಎರಿಕ್ಸನ್‌ನ ಮಲಾಜನ್ ಮೇಲೆ. ಹತ್ತು ಪುಸ್ತಕ, 1999ರಿಂದ 2011ರೊಳಗೆ ಪೂರ್ತಿ ಮುಗಿದಿವೆ. ಎರಿಕ್ಸನ್ ಓದಿದ್ದು ಪುರಾತತ್ವ, ಅದಕ್ಕೇ ಅವನ ನಗರಗಳ ಕೆಳಗೆ ಇನ್ನೊಂದು ನಗರ ಹೂತುಹೋಗಿರುತ್ತೆ. ಮೊದಲ ಪುಸ್ತಕದಲ್ಲಿ ಯಾರು ಯಾರ ಕಡೆ ಅಂತ ಒಂದು ಮಾತೂ ಹೇಳದೆ ನಮ್ಮನ್ನ ಯುದ್ಧದ ಮಧ್ಯೆ ತಳ್ಳಿಬಿಡ್ತಾನೆ. ಪುಸ್ತಕದ ಹಿಂದೆ ಪದಗಳ ಪಟ್ಟಿ, ಮುಂದೆ ಮ್ಯಾಪು. ಓದ್ತಾ ಓದ್ತಾ ಹತ್ತು ಸಲ ಮ್ಯಾಪ್‌ಗೆ ವಾಪಸ್ ಹೋಗಬೇಕು.

ಆ ಮ್ಯಾಪ್ ನೋಡ್ತಿರಬೇಕಾದ್ರೆ ನನಗೆ ನಮ್ಮ ಕಡೆಯ ಮ್ಯಾಪ್ ನೆನಪಾಯ್ತು. ನಂದು ಹರಪನಹಳ್ಳಿ. ಹತ್ತೊಂಬತ್ತು ವರ್ಷದಲ್ಲಿ ಮನೆ ಬದಲಾಯಿಸದೇ ಮೂರು ಜಿಲ್ಲೆ ನೋಡಿದ್ದೀನಿ: ಹುಟ್ಟಿದ್ದು ದಾವಣಗೆರೆ ಜಿಲ್ಲೆಯಲ್ಲಿ, 2018ರಲ್ಲಿ ಬಳ್ಳಾರಿ, 2021ರಿಂದ ವಿಜಯನಗರ. ಯಾವ ಫ್ಯಾಂಟಸಿ ರಾಜ್ಯದ ಗಡಿ ಇಷ್ಟು ಬೇಗ ಬದಲಾಗುತ್ತೆ ಹೇಳಿ? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಂದು ಸಲ ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲು ಹತ್ತಿ ಕಾರ್ಣಿಕ ನುಡೀತಾನೆ. ಒಂದೇ ಸಾಲು. ನುಡಿದು ಮೇಲಿಂದ ಕೆಳಗೆ ಬೀಳ್ತಾನೆ, ಜನ ಹಿಡ್ಕೋತಾರೆ. ಮಳೆ ಬಗ್ಗೆನೋ, ಬೆಳೆ ಬಗ್ಗೆನೋ, ಸರ್ಕಾರ ಬೀಳೋದ್ರ ಬಗ್ಗೆನೋ ಅಂತ ಆಮೇಲೆ ಲಕ್ಷಾಂತರ ಜನ ಅರ್ಥ ಹಚ್ಚುತ್ತಾ ಕೂರ್ತಾರೆ. ಜೋರ್ಡನ್‌ಗೆ ಭವಿಷ್ಯವಾಣಿ ಹೇಳೋಕೆ ಪುಟಗಟ್ಟಲೆ ಪದ್ಯ ಬೇಕಾಯ್ತು. ಕೂಡ್ಲಿಗಿ ಕಡೆ ಹೋದರೆ ಗುಡೇಕೋಟೆ, ಬಂಡೆಗಳ ಮೇಲೆ ಕೋಟೆ, ಸುತ್ತಲಿನ ಕಾಡಿನಲ್ಲಿ ಕರಡಿ. ಹಗರಿಬೊಮ್ಮನಹಳ್ಳಿಯ ಹೆಸರಲ್ಲೇ ಒಂದು ಹೊಳೆ ಇದೆ. ಇಂಗ್ಲಿಷ್ ಫ್ಯಾಂಟಸಿಯ ಹೀರೋಗಳು ದಾರಿಯ ಛತ್ರದಲ್ಲಿ ಸದಾ ಅದೇ ಸ್ಟೂ ಕುಡೀತಾರೆ. ಕೊಟ್ಟೂರಲ್ಲಿ ಇಳಿದಿದ್ರೆ ಮಿರ್ಚಿ-ಮಂಡಕ್ಕಿನಾದ್ರೂ ಸಿಗ್ತಿತ್ತು.

ಈ ಮ್ಯಾಪ್ ಮೇಲೆ ಬರೆದ ಸೀರೀಸ್ ಇದೆಯಾ ಅಂದ್ರೆ, ಇದೆ. ತರಾಸು ಅವರ ಚಿತ್ರದುರ್ಗದ ಕಾದಂಬರಿಗಳು. ಎಂಟು: ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ, ಹೊಸಹಗಲು, ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ, ದುರ್ಗಾಸ್ತಮಾನ. ನಾಗರಹಾವು ಸಿನಿಮಾದ ಕಥೆಯೂ ಅವರದೇ, ಅಷ್ಟು ಮಾತ್ರ ನನಗೆ ಮೊದಲು ಗೊತ್ತಿತ್ತು. 1984ರಲ್ಲಿ ಅವರು ತೀರಿಕೊಂಡರು, ಮರುವರ್ಷ ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ಶುರುವಾಗೋದು ಮುದ್ದಣ್ಣ ಅನ್ನೋ ದಳವಾಯಿ ನಾಯಕರನ್ನು ಏರಿಸಿ ಇಳಿಸಿ ಆಟ ಆಡ್ತಿದ್ದ 17ನೇ ಶತಮಾನದ ಕೊನೆಯಲ್ಲಿ, ಮುಗಿಯೋದು 1779ರಲ್ಲಿ ಹೈದರಾಲಿ ಕೈಗೆ ದುರ್ಗ ಬೀಳೋದ್ರಲ್ಲಿ. ಸಿಂಹಾಸನ, ವಿಷ, ದ್ರೋಹ, ಮುತ್ತಿಗೆ, ಎಲ್ಲಾ ಇದೆ. ಡ್ರ್ಯಾಗನ್ ಇಲ್ಲ. ಇದು ಫ್ಯಾಂಟಸಿ ಅಲ್ಲ, ಇತಿಹಾಸ ಅಂತ ಮೆಸ್ ಪಂಡಿತರು ತಕ್ಷಣ ತಕರಾರು ತೆಗೆದರು. ಮಾರ್ಟಿನ್ ಇಂಗ್ಲೆಂಡಿನ ರೋಸಸ್ ಯುದ್ಧ ನೋಡಿಕೊಂಡೇ ತಾನೇ ಬರೆದಿದ್ದು, ಮೇಲೆ ಸ್ವಲ್ಪ ಬೆಂಕಿ ಹಚ್ಚಿದ ಅಷ್ಟೇ ಅಂತ ನಾನಂದೆ. ಅವರು ಒಪ್ಪಲಿಲ್ಲ, ಬಿಡಿ.

ನನ್ನ ತೊಡಕು ಬೇರೆ. ಈ ಎಂಟೂ ಪುಸ್ತಕ ದುರ್ಗದ ಕಣ್ಣಿಂದ ನೋಡಿದ ಕಥೆ. ಆ ಕಣ್ಣಿಗೆ ಹರಪನಹಳ್ಳಿ ಅಂದ್ರೆ ಪಕ್ಕದ ಹಗೆ. 1748ರಲ್ಲಿ ಮಾಯಕೊಂಡದಲ್ಲಿ ದೊಡ್ಡ ಯುದ್ಧ ಆಯ್ತು. ಒಂದು ಕಡೆ ದುರ್ಗದ ಹಿರೇ ಮದಕರಿ ನಾಯಕ, ಇನ್ನೊಂದು ಕಡೆ ಬಿದನೂರು, ರಾಯದುರ್ಗ, ಸವಣೂರು, ಜೊತೆಗೆ ನಾವು. ಮದಕರಿ ಅಲ್ಲೇ ಸತ್ತ. ಕೊಂದವನು ಹರಪನಹಳ್ಳಿಯ ಸೋಮಶೇಖರ ನಾಯಕ ಅಂತ ಹಳೇ ಗೆಜೆಟಿಯರ್‌ನಲ್ಲಿದೆ. ನನ್ನ ರೂಮ್‌ಮೇಟ್ ದುರ್ಗದವನು. ಒಂದಿನ ಬೆಳಿಗ್ಗೆ ತಿಂಡಿ ಹೊತ್ತಿಗೆ, "ಲೇ, ನಿಮ್ಮೋನೇ ಅಲ್ವೇನೋ ನಮ್ಮ ಮದಕರೀನ ಹೊಡೆದಿದ್ದು?" ಅಂದ. "ಅದಾಗಿ ಇನ್ನೂರೆಪ್ಪತ್ತು ವರ್ಷ ಮೇಲಾಯ್ತು, ಚಟ್ನಿ ಈ ಕಡೆ ಕೊಡೋ" ಅಂದೆ. ಕೊಟ್ಟ, ಆದ್ರೆ ಕೊನೆಯ ಇಡ್ಲಿ ಅವನೇ ತಿಂದ.

ನಕ್ಕುಬಿಟ್ಟೆವು. ಆದರೆ ಈ ಮಾತು ನನ್ನ ತಲೆಯಲ್ಲಿ ಕೂತಿತು. ಟೋಲ್ಕೀನ್ ಓದುವಾಗ ಮೊರ್ಡೋರ್‌ನಲ್ಲಿ ನನಗೆ ಯಾರೂ ನೆಂಟರಿಲ್ಲ. ಅಲ್ಲಿಯ ಸೈನಿಕರು ಸಾವಿರಗಟ್ಟಲೆ ಸಾಯ್ತಾರೆ, ನಾನು ಪುಟ ತಿರುಗಿಸ್ತೀನಿ. ದುರ್ಗದ ಪುಸ್ತಕದಲ್ಲಿ ಆ ಕಡೆ ನಿಂತಿರೋರು ನಮ್ಮ ಕೋಟೆ ಓಣಿಯವರು. ಅವರಿಗೆ ಒಬ್ಬ ತರಾಸು ಸಿಗಲಿಲ್ಲ, ದುರ್ಗದವರಿಗೆ ಸಿಕ್ಕರು. ಅದಕ್ಕೇ ಇವತ್ತಿಗೂ ಕರ್ನಾಟಕಕ್ಕೆಲ್ಲ ಮದಕರಿ ಗೊತ್ತು, ಸೋಮಶೇಖರ ನಾಯಕನ ಹೆಸರು ನಮ್ಮ ಕ್ಲಾಸಿನಲ್ಲಿ ಕೇಳಿದರೆ ಯಾರೂ ಕೈ ಎತ್ತಲ್ಲ. ಇಷ್ಟಕ್ಕೂ ನಮ್ಮ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಉಚ್ಚಂಗೆಮ್ಮ ಇದ್ದಾಳೆ, ಚಿತ್ರದುರ್ಗದಲ್ಲೂ ಅದೇ ಹೆಸರಿನ ದೇವಿಯ ಗುಡಿಯಿದೆ. ಓಬವ್ವನ ತವರು ಕೂಡ್ಲಿಗಿ ಕಡೆಯ ಗುಡೇಕೋಟೆ ಅಂತ ಜನ ಹೇಳ್ತಾರೆ. ಹಗೆ ಅಂದ್ರೂ ಅಷ್ಟು ದೂರದವರೇನಲ್ಲ.

ಇನ್ನೊಂದು ತೊಡಕು ಭಾಷೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ನಾನು. ಇಂಗ್ಲಿಷ್ ಕಾದಂಬರಿ ಗಂಟೆಗೆ 40 ಪುಟ ಓಡುತ್ತೆ. ಕಂಬನಿಯ ಕುಯಿಲು ಟೈಮರ್ ಇಟ್ಟುಕೊಂಡು ಓದಿದೆ: 13 ಪುಟ. ಶೀರ್ಷಿಕೆಯೇ ಅರ್ಥ ಆಗ್ಲಿಲ್ಲ. ಕುಯಿಲು ಅಂದ್ರೆ ಕೋಗಿಲೆಗೆ ಸಂಬಂಧಪಟ್ಟಿದ್ದೇನೋ ಅಂತ ಅಜ್ಜಿಗೆ ಫೋನ್ ಮಾಡಿದೆ. "ಕೊಯ್ಲು ಅಂತೀವಲ್ಲಪಾ, ಅದೇ" ಅಂದ್ಲು. ಕಣ್ಣೀರಿನ ಕೊಯ್ಲು! ಇಷ್ಟು ಒಳ್ಳೇ ಹೆಸರು ಆ ಮಲಾಜನ್ ಹತ್ತರಲ್ಲಿ ಒಂದಕ್ಕೂ ಇಲ್ಲ. ಬತೇರಿ, ಬೊಕ್ಕಸ, ಊಳಿಗ, ಎಲ್ಲಾ ಅಜ್ಜಿಗೆ ಗೊತ್ತು. ಎರಿಕ್ಸನ್‌ನ ಪದಗಳ ಪಟ್ಟಿ ಪುಸ್ತಕದ ಹಿಂದಿದೆ, ನನ್ನದು ಹರಪನಹಳ್ಳಿಯಲ್ಲಿದೆ, ಸಂಜೆ ಏಳಕ್ಕೆ ಸೀರಿಯಲ್ ಶುರುವಾಗೋ ಮೊದಲು ಫೋನ್ ಮಾಡಬೇಕು.

ಪುಟದ ಲೆಕ್ಕ ಹಾಕೋದು ನಾಚಿಕೆ ಅನ್ಸಿದ್ದು ಒಂದೇ ಸಲ. ಸಂಡೂರು ಕಡೆಯ ದರೋಜಿಯ ಈರಮ್ಮ, ಬುರ್ರಕಥೆ ಹಾಡ್ತಿದ್ದವರು, 2014ರಲ್ಲಿ ತೀರಿಕೊಂಡರು. ಓದು ಬರಹ ಇಲ್ಲ. ಕುಮಾರರಾಮನ ಕಥೆ ಸೇರಿದ ಹಾಗೆ ಹನ್ನೆರಡು ದೊಡ್ಡ ಕಾವ್ಯಗಳು ಅವರ ಬಾಯಲ್ಲಿದ್ದವು, ಹಾಡೋಕೆ ಕೂತರೆ ರಾತ್ರಿಗಟ್ಟಲೆ. ನಾನು ಇಲ್ಲಿ ಎಂಟು ಪುಸ್ತಕಕ್ಕೆ ಎಕ್ಸೆಲ್ ಶೀಟ್ ಮಾಡ್ತಾ ಕೂತಿದ್ದೀನಿ.

ಹಾಗಾಗಿ ತೀರ್ಮಾನ ಇದು. ವೀಲ್ ಆಫ್ ಟೈಮ್ ಕೆಲಸ ಸಿಕ್ಕ ಮೇಲೆ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆಡಿಯೋದಲ್ಲಿ. ಮಲಾಜನ್ ಮೂರನೇ ವರ್ಷಕ್ಕೆ. ಈ ರಜೆಗೆ ತರಾಸು, ಮೊದಲ ಮೂರು, ಯಾಕಂದ್ರೆ ಅವು ಮೂರೂ ಸೇರಿ ಒಂದೇ ಕಥೆ. ಆಮೇಲೆ ಉಳಿದ ಐದು, ಅದೇ ಕ್ರಮದಲ್ಲಿ. ಮಾಯಕೊಂಡದ ಯುದ್ಧ ಬಂದಾಗ ನಾನು ಯಾರ ಕಡೆ ನಿಲ್ತೀನಿ ಅಂತ ನನಗೇ ಕುತೂಹಲ. ದಾವಣಗೆರೆಯಿಂದ ಬೆಂಗಳೂರಿನ ಟ್ರೈನ್ ಹತ್ತಿದರೆ ಮಾಯಕೊಂಡ ಸ್ಟೇಷನ್ ಕಿಟಕಿಯಲ್ಲಿ ಹಾದುಹೋಗುತ್ತೆ. ಇಷ್ಟು ದಿನ ಆ ಹಳದಿ ಬೋರ್ಡ್ ಬಂದಾಗ ನಿದ್ದೆ ಮಾಡ್ತಿದ್ದೆ.

ಕಂಬನಿಯ ಕುಯಿಲಿನ 96ನೇ ಪುಟದಲ್ಲಿದ್ದೀನಿ. ಲೈಬ್ರರಿಯ ರಕ್ತರಾತ್ರಿಯನ್ನ ರೂಮ್‌ಮೇಟ್ ನನಗಿಂತ ಮೊದಲೇ ತನ್ನ ಹೆಸರಿಗೆ ಬರೆಸಿಕೊಂಡು ಊರಿಗೆ ಒಯ್ದಿದ್ದಾನೆ. ಯಾರ ಹತ್ರನಾದ್ರೂ ಇನ್ನೊಂದು ಕಾಪಿ ಇದ್ರೆ ಹೇಳಿ, ನಾನೇ ಬಂದು ತಗೋತೀನಿ.